ಸೋರುವ ರೇಡಿಯೇಟರು ಮತ್ತು ನಮ್ಮ ಮನೆಯವರು

ನಮ್ಮ ಮನೆಯ ರೇಡಿಯೇಟರುಗಳು ಬೇಸಿಗೆಯಿಡೀ ತೆಪ್ಪಗಿರುತ್ತವೆ. ಚಳಿ ಶುರುವಾಯಿತೋ, ಸರದಿ ಹಿಡಿದವರಂತೆ ಒಂದೊಂದಾಗಿ ಸೋರುತ್ತವೆ. ಬೇ ಏರಿಯಾದ ಹೇವರ್ಡಿನಲ್ಲಿ, ಗುಡ್ಡದ ಮೇಲೆ, ಮೂವತ್ತು ವರ್ಷದ ಸಾಲ ಮಾಡಿ ಕೊಂಡ ಹಳೇ ಮನೆ ನಮ್ಮದು. ಬೇರೆಯವರ ಮನೆಗಳಲ್ಲಿ ಬಿಸಿಗಾಳಿ ಬರುತ್ತದೆ. ನಮ್ಮಲ್ಲಿ ಕೆಳಗಿನ ಬಾಯ್ಲರಿನಿಂದ ಬಿಸಿನೀರು ಪೈಪುಗಳಲ್ಲಿ ಹರಿದು ಬಂದು, ಕೋಣೆಗೊಂದರಂತೆ ನಿಂತಿರುವ ಕಬ್ಬಿಣದ ರೇಡಿಯೇಟರುಗಳನ್ನು ಕಾಯಿಸುತ್ತದೆ. ಮನೆ ತೋರಿಸಿದ ಏಜೆಂಟು ಇದನ್ನೇ ಹಳೇ ಮನೆಯ 'ಕ್ಯಾರೆಕ್ಟರು' ಎಂದು ಹೊಗಳಿದ್ದಳು.

ಮೊದಲ ಹನಿ

ಮೊದಲ ಚಳಿಗಾಲದಲ್ಲೇ ಹಾಲ್‌ನ ರೇಡಿಯೇಟರು ತೊಟ್ಟಿಕ್ಕತೊಡಗಿತು. ನನ್ನ ಗಂಡ ಸಾಫ್ಟ್‌ವೇರಿನವರು. ಸ್ಪ್ಯಾನರು ಹಿಡಿದು ಗೊತ್ತಿಲ್ಲ. ಹತ್ತಿರದ ನೆವಾರ್ಕಿನಲ್ಲಿ ಕಾರು ಕಂಪನಿಯಲ್ಲಿರುವ ಗೆಳೆಯನಿಗೆ ಫೋನು ಮಾಡಿದರು.

"ರೇಡಿಯೇಟರು ಲೀಕ್ ಆಗ್ತಿದೆ ಕಣೋ."

"ಸ್ಟಾರ್ಟ್ ಮಾಡ್ಬೇಡ. ಅಲ್ಲೇ ಬಿಟ್ಟಿರು, ಬಂದೆ."

ಗೆಳೆಯ ನಿಜಕ್ಕೂ ಒಳ್ಳೆಯವನು. ಮೀಟಿಂಗು ಬಿಟ್ಟು ಬಂದ. ಒಂದು ಕೈಯಲ್ಲಿ ಕಾರಿನ ರೇಡಿಯೇಟರಿಗೆ ಹಾಕುವ ಹಸಿರು ಕೂಲೆಂಟಿನ ಕ್ಯಾನು, ಹೆಗಲ ಮೇಲೆ ಕಾರು ಎಳೆಯುವ ಹಗ್ಗ.

"ಎಲ್ಲಿದೆ?" ಅಂದ.

"ಹಾಲ್‌ನಲ್ಲಿ," ಅಂದರು ಇವರು.

ಅವನ ಮುಖ ಬಿಳಿಚಿಕೊಂಡಿತು.

"ಹಾಲ್‌ವರೆಗೂ ಬಂತಾ? ಅಯ್ಯೋ, ಬ್ರೇಕೂ ಹಿಡೀಲಿಲ್ವೇನೋ?"

ಕೆಂಪು ನೀರು

ಮರುವರ್ಷ ಧಾರವಾಡದಿಂದ ಅತ್ತೆ ಬಂದಿದ್ದರು. ಒಂದು ಬೆಳಿಗ್ಗೆ ನೋಡಿದರೆ ಅವರ ಕೋಣೆಯ ರೇಡಿಯೇಟರಿನ ಕೆಳಗೆ ಕೆಂಪು ನೀರು. ಇವರು ಅದರ ಫೋಟೋ ತೆಗೆದು ಪ್ಲಂಬರಿಗೆ ಕಳಿಸಿದರು. ಅವನು ಕೂಡಲೇ ಫೋನು ಮಾಡಿ, ಇದು ತುಕ್ಕು, ಒಳಗೆಲ್ಲ ತಿಂದುಹೋಗಿದೆ, ಬಾಯ್ಲರು ಆರಿಸಿ, ನೀರೆಲ್ಲ ಖಾಲಿ ಮಾಡಿ, ಸಂಜೆ ಬರುತ್ತೇನೆ ಅಂದ. ಅಂದು ಹಗಲಿಡೀ ನಾವು ಸ್ವೆಟರು ಹಾಕಿಕೊಂಡೇ ಅಡುಗೆ ಮಾಡಿದೆವು, ಶಾಲು ಹೊದ್ದೇ ಉಂಡೆವು. ಅತ್ತೆ ಮಂಕಿ ಕ್ಯಾಪಿನೊಳಗಿನಿಂದ, "ಇದಕ್ಕಿಂತ ನಮ್ಮ ಧಾರವಾಡನ ಬೆಚ್ಚಗ ಅದ," ಅನ್ನುತ್ತಿದ್ದರು.

ಪ್ಲಂಬರು ಬಂದ. ಟಾರ್ಚು ಹಿಡಿದು ರೇಡಿಯೇಟರಿನ ಹಿಂದಿನ ಸಂದಿಗೆ ಕೈ ಹಾಕಿದ. ಬಟ್ಟೆಯ ತುದಿಯೊಂದು ಸಿಕ್ಕಿತು. ಎಳೆದ. ಬಂತು. ಇನ್ನೂ ಎಳೆದ. ಇನ್ನೂ ಬಂತು. ಎಳೆಯುತ್ತ ಎಳೆಯುತ್ತ ಹಿಂದೆ ಸರಿದು ಅವನು ಬಾಗಿಲು ದಾಟಿದಾಗ ಸೆರಗು ಕಂಡಿತು. ಅತ್ತೆಯ ಹೊಸ ಕೆಂಪು ಇಳಕಲ್ ಸೀರೆ! ಇಲ್ಲಿ ಯಾರೂ ಬಟ್ಟೆ ಹೊರಗೆ ಹರವುವುದಿಲ್ಲವಲ್ಲ, ಒಗೆದದ್ದನ್ನು ಹರವಿದರೆ ಸೊಸೆ ಏನೆಂದುಕೊಳ್ಳುತ್ತಾಳೋ ಎಂದು ಮಡಿಚಿ, ಹಿಂದೆ ತುರುಕಿ ಒಣಗಲು ಇಟ್ಟಿದ್ದರಂತೆ.

"ಹಾಗಾದ್ರೆ ತುಕ್ಕಲ್ಲ, ಸೀರೆ ಬಣ್ಣ," ಅಂದರು ಇವರು.

ಅತ್ತೆ ಒಪ್ಪಲಿಲ್ಲ. "ಏ, ಈ ಸೀರಿ ಬಣ್ಣ ಬಿಡಂಗಿಲ್ಲೋ! ಅಂಗಡ್ಯಾಂವ ಗ್ಯಾರಂಟಿ ಕೊಟ್ಟಾನ. ಆ ಪ್ಲಂಬರಗ ಇನ್ನೊಮ್ಮೆ ಪೈಪ್ ನೋಡಂತ ಹೇಳು."

ವಾಲ್ವು

ಖಾಲಿ ಮಾಡಿದ ಪೈಪುಗಳಿಗೆ ಮತ್ತೆ ನೀರು ತುಂಬಿದಾಗ ಒಳಗೆ ಗಾಳಿ ಸೇರಿಕೊಂಡಿತು. ರೇಡಿಯೇಟರಿನ ಪಕ್ಕದ ಪುಟ್ಟ ಸ್ಕ್ರೂ ಸಡಿಲಿಸಿ ಆ ಗಾಳಿಯನ್ನು ಹೊರಗೆ ಬಿಡಬೇಕು. ಇಲ್ಲಿಯವರು ಇದಕ್ಕೆ 'ಬ್ಲೀಡ್ ಮಾಡೋದು' ಅನ್ನುತ್ತಾರೆ. ಶನಿವಾರ ಬಾಯ್ಲರು ಹಚ್ಚುವ ಮೊದಲು ಇವರೇ ಆ ಕೆಲಸಕ್ಕೆ ಕೂತರು. ನಾನು ಅತ್ತೆಯನ್ನು ಕರೆದುಕೊಂಡು ಗ್ರೋಸರಿಗೆ ಹೋಗಿದ್ದೆ.

ಫ್ರೀವೇಯಲ್ಲಿ ವಾಪಸು ಬರುತ್ತ ಮನೆಗೆ ಫೋನು ಮಾಡಿದೆ. ಹೈಸ್ಕೂಲಿಗೆ ಹೋಗುವ ನಮ್ಮ ಮಗಳು ಎತ್ತಿದಳು.

"ಅಪ್ಪ ಎಲ್ಲಿ?"

"ಹೀ ಈಸ್ ಬ್ಲೀಡಿಂಗ್..." ಎಂದದ್ದು ಕೇಳಿಸಿತು. ಅಷ್ಟರಲ್ಲಿ ಸಿಗ್ನಲ್ಲು ಹೋಯಿತು.

ರೇಡಿಯೇಟರಿನ ಮಾತು ನನಗೆ ಹೊಳೆಯಲೇ ಇಲ್ಲ, ಇವರಿಗೇ ರಕ್ತ ಸೋರುತ್ತಿದೆ ಅಂದುಕೊಂಡೆ. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ. ಪಕ್ಕದ ಮನೆಯ ಉಡುಪಿಯ ಅಕ್ಕ ರಿಟೈರಾದ ನರ್ಸು, ಅವರಿಗೆ ಫೋನು ಮಾಡಿ ಹೇಳಿದೆ. ಫಸ್ಟ್ ಏಡ್ ಪೆಟ್ಟಿಗೆ ಹಿಡಿದು ಅವರು ಓಡಿದರಂತೆ.

ಅಲ್ಲಿ ಆಗಿದ್ದಿಷ್ಟು. ಇವರು ಸ್ಕ್ರೂ ಸಡಿಲಿಸುವ ಬದಲು ಪೂರ್ತಿ ಬಿಚ್ಚಿದ್ದರು. ಅದು ಹಾರಿ ಸೋಫಾದ ಕೆಳಗೆ ಹೋಗಿತ್ತು. ಕಪ್ಪು ನೀರು ಮುಖಕ್ಕೆ ಚಿಮ್ಮಿತ್ತು. ಇವರು ತೂತಿಗೆ ಬೆರಳಿಟ್ಟು ಕೂತಿದ್ದರು. ತೆಗೆದರೆ ಮರದ ನೆಲ ಹಾಳು. ಮಗಳು ಟವೆಲು ಹುಡುಕುತ್ತಿದ್ದಳು.

ನರ್ಸಕ್ಕ ಒಳಗೆ ಬಂದವರೇ ಇವರ ಇನ್ನೊಂದು ಕೈ ಹಿಡಿದು ನಾಡಿ ನೋಡಿದರು.

"ವಾಲ್ವು! ವಾಲ್ವು!" ಎಂದು ಇವರು ಏದುಸಿರು ಬಿಟ್ಟರು. ಕೆಳಗಿನ ನೀರಿನ ವಾಲ್ವು ಮುಚ್ಚಿ ಎಂಬ ಅರ್ಥದಲ್ಲಿ.

ಅಕ್ಕನ ಮುಖ ಗಂಭೀರವಾಯಿತು. "ಹೌದಾ? ಎಷ್ಟು ಸಮಯದಿಂದ ಉಂಟು ಮಾರಾಯ್ರೆ, ಈ ವಾಲ್ವಿನ ತೊಂದರೆ?"

"ಮನೆ ತಗೊಂಡಾಗಿನಿಂದ!"

ಅಕ್ಕ ಇವರ ಕೈ ತಟ್ಟಿ ಸಮಾಧಾನ ಹೇಳಿದರು. "ಹೆದರ್ಬೇಡಿ. ಬೇ ಏರಿಯಾದಲ್ಲಿ ಮನೆ ತಗೊಂಡವರಿಗೆಲ್ಲ ಹಾರ್ಟಿಂದು ಹೀಗೇ ಶುರು ಆಗೂದು."