ಐಸ್ ಹಾಕಿ ನೋಡಲು ಹೋದ ಅಪ್ಪ ಅಮ್ಮ

ಸುಮ್ಮನೆ ಕೂತು ನೋಡಿ ಬರೋಣ ಅಂತ ನಾವಿಬ್ಬರೂ ಹೋದ ಕಡೆಯಲ್ಲೇ ಇಂಥವೆಲ್ಲ ಆಗುತ್ತವೆ. 2015ರಲ್ಲಿ ಮಗಳ ಕಾಲೇಜಿನ ಹುಡುಗಿಯರು ನ್ಯೂಜಿಲೆಂಡಿನ ಕಾಲೇಜುಗಳ ಐಸ್ ಹಾಕಿ ಚಾಂಪಿಯನ್‌ಶಿಪ್‌ಗೆ ಇಳಿದರು. ಇವಳು ಗೋಲ್‌ಕೀಪರ್. ತಂಡ ಒಮ್ಮೆಯೂ ಕಪ್ ಗೆದ್ದಿರಲಿಲ್ಲ, ಇವಳಿಗೆ ಅದು ಕೊನೆಯ ವರ್ಷ. ನಮ್ಮೂರು ರೊಟೊಟೂನದಿಂದ ಆಕ್ಲೆಂಡಿಗೆ ಕಾರು ಹತ್ತಿ ಹೊರಟೆವು.

೧. ಬಲಗಡೆಯ ಗೋಲು

ಮೊದಲ ಪಂದ್ಯದಲ್ಲಿ ಮಗಳು ಬಲಗಡೆಯ ಗೋಲಿನಲ್ಲಿ ನಿಂತಳು. ಹೆಲ್ಮೆಟ್ಟು, ಪ್ಯಾಡುಗಳ ನಡುವೆ ಹೆತ್ತವಳಿಗೇ ಗುರುತು ಸಿಗದು. "ಭೇಷ್ ಮಗಳೇ" ಅಂತ ಗಂಟಲು ಹರಿಯುವಂತೆ ಕೂಗಿದೆ. ವಿರಾಮವಾದ ಮೇಲೆ ತಂಡಗಳು ಗೋಲು ಅದಲುಬದಲು ಮಾಡಿಕೊಳ್ಳುತ್ತವೆಂದು ನನಗೇನು ಗೊತ್ತು? ಬಲಗಡೆಗೇ ಕೂಗುತ್ತಾ ಹೋದೆ.

ಪುಣ್ಯಕ್ಕೆ ನಾವೇ ಗೆದ್ದೆವು. ಆಮೇಲೆ ಎದುರು ತಂಡದ ಗೋಲ್‌ಕೀಪರ್ ಬಂದು ನನ್ನನ್ನು ತಬ್ಬಿಕೊಂಡಳು. "ನಮ್ಮ ಮನೆಯಿಂದ ಯಾರೂ ಬಂದಿರಲಿಲ್ಲ ಆಂಟಿ. ನನ್ನ ಪರ ಇದ್ದಿದ್ದು ನೀವೊಬ್ಬರೇ," ಅಂದಳು. ಮಗಳು ಪಕ್ಕದಲ್ಲೇ ನಿಂತಿದ್ದಳು.

೨. ಇನ್ನೊಂದು ಚೂರು

ಸೆಮಿಫೈನಲ್‌ಗೆ ಮುಂಚೆ ತಂಡಕ್ಕೆಲ್ಲ ಪುಳಿಯೋಗರೆ ಒಯ್ದೆ. ನ್ಯೂಜಿಲೆಂಡಿನ ಹುಡುಗಿಯರು ಮರ್ಯಾದೆಗೆಂದು ತಟ್ಟೆ ಖಾಲಿ ಮಾಡಿದರು. ಖಾಲಿ ತಟ್ಟೆ ಕಂಡರೆ ನನ್ನ ಕೈ ನಿಲ್ಲುತ್ತದೆಯೇ? ಬಡಿಸಿದೆ. ತಿಂದರು. ಮತ್ತೆ ಬಡಿಸಿದೆ. ಮೊದಲ ಇಪ್ಪತ್ತು ನಿಮಿಷ ನಮ್ಮವರು ಐಸ್ ಮೇಲೆ ಬಾಣಂತಿಯರ ಹಾಗೆ ಓಡಾಡಿದರು. ಹೇಗೋ ಒಂದು ಗೋಲಿನ ಅಂತರದಲ್ಲಿ ಗೆದ್ದು ಬಚಾವಾದರು.

ಫೈನಲ್ ದಿನ ಕೋಚ್ ಬೋರ್ಡಿನ ಮೇಲೆ ಆಟದ ಯೋಜನೆ ಬರೆದರು. ಮೊದಲ ಸಾಲು: ಆಂಟಿ ಬಂದರೆ ತಟ್ಟೆಗೆ ಕೈ ಅಡ್ಡ ಹಿಡಿಯಿರಿ.

೩. ಕಳಿಸಿಕೊಡುವುದು

ಫೈನಲ್‌ನಲ್ಲಿ ನಮ್ಮ ಯಜಮಾನರಿಗೂ ಒಂದು ಕೆಲಸ ಸಿಕ್ಕಿತು. ಆಟಗಾರ್ತಿಯರು ಐಸಿಗೆ ಇಳಿಯುವಾಗ, ಹತ್ತುವಾಗ ತಡೆಗೋಡೆಯ ಬಾಗಿಲು ತೆಗೆಯುವುದು, ಮುಚ್ಚುವುದು. ಮನೆಗೆ ಬಂದವರನ್ನು ಗೇಟಿನವರೆಗೆ ಕಳಿಸಿಕೊಡದಿದ್ದರೆ ಇವರಿಗೆ ಸಮಾಧಾನವಿಲ್ಲ. ಹೊರಟ ಪ್ರತಿಯೊಬ್ಬಳಿಗೂ "ಹುಷಾರಮ್ಮ, ನಿಧಾನ" ಅನ್ನುತ್ತಿದ್ದರು.

ಆಟ ಮುಗಿಯಲು ಎರಡು ನಿಮಿಷವೂ ಉಳಿದಿರಲಿಲ್ಲ. ನಾವು ಒಂದು ಗೋಲು ಮುಂದೆ. ಮಂಡಿ ನೋವಿದ್ದ ಹುಡುಗಿಯೊಬ್ಬಳು ಇಳಿದಳು. ಇವರೂ "ಬಾಮ್ಮ" ಅಂತ ಜೊತೆಗೆ ಎರಡು ಹೆಜ್ಜೆ ಹೋದರು. ಜಾರಿ ಕೂತವರು ಕೂತ ಹಾಗೇ ಮೈದಾನದ ನಡುಮಧ್ಯಕ್ಕೆ ಹೋಗಿ ನಿಂತರು. ರೆಫರಿ ಸೀಟಿ ಊದಿದ. "ಒಬ್ಬ ಆಟಗಾರ ಹೆಚ್ಚು. ಎರಡು ನಿಮಿಷ ಶಿಕ್ಷೆ."

ನಮ್ಮ ಹುಡುಗಿಯೊಬ್ಬಳು ಮೈದಾನದಂಚಿನ ಶಿಕ್ಷೆಯ ಪೆಟ್ಟಿಗೆಯಲ್ಲಿ ಕೂರಬೇಕಾಯಿತು. "ತಪ್ಪು ನಂದು, ಆ ಮಗು ಯಾಕೆ ಒಬ್ಳೇ ಕೂತ್ಕೋಬೇಕು?" ಅಂತ ಇವರೂ ಹೋಗಿ ಪಕ್ಕದಲ್ಲಿ ಕೂತು, ಊರು ಯಾವುದು, ಅಪ್ಪ ಏನು ಮಾಡ್ತಾರೆ ಅಂತ ವಿಚಾರಿಸತೊಡಗಿದರು. ಇತ್ತ ಐವರ ಎದುರು ನಮ್ಮವರು ನಾಲ್ವರು. ಮಗಳು ಬಿದ್ದು, ಎದ್ದು, ಉರುಳಿ, ಬಂದದ್ದನ್ನೆಲ್ಲ ತಡೆದಳು. ಗಂಟೆ ಹೊಡೆಯಿತು. ಗೆದ್ದೆವು. ನಾನು ಜೋರಾಗಿ ಅತ್ತುಬಿಟ್ಟೆ.

ಎಲ್ಲರೂ ಕಪ್ ಹಿಡಿದು ಫೋಟೋಗೆ ನಿಂತರು. ಇವರು ಮಾತ್ರ ಪೆಟ್ಟಿಗೆ ಬಿಟ್ಟು ಏಳಲಿಲ್ಲ.

"ಡ್ಯಾಡ್, ಕಮ್ ಆನ್, ಫೋಟೋ," ಮಗಳು ಕರೆದಳು.

ಇವರು ಸ್ಕೋರ್‌ಬೋರ್ಡಿನ ಕಡೆ ಕೈ ತೋರಿಸಿದರು. ಆಟ ಮುಗಿದ ಕೂಡಲೇ ಶಿಕ್ಷೆಯ ಗಡಿಯಾರವೂ ನಿಂತುಬಿಟ್ಟಿತ್ತು.

"ನನ್ನ ಶಿಕ್ಷೆ ಇನ್ನೂ ಎಂಟು ಸೆಕೆಂಡ್ ಇದೆ, ಮುಗಿಸ್ಕೊಂಡು ಬರ್ತೀನಿ ತಾಳು."