ಕೈಮುಗಿದು ಗುದ್ದುವ ನನ್ನ ತಮ್ಮ

ಐನಾಪುರದಲ್ಲಿ ನನ್ನ ತಮ್ಮನಷ್ಟು ಸಾಧು ಮನುಷ್ಯ ಇನ್ನೊಬ್ಬನಿಲ್ಲ. ಮನುಷ್ಯರನ್ನು ಗುದ್ದುವುದು ಅವನ ಉದ್ಯೋಗವಾಗಿತ್ತು, ಅಷ್ಟೆ. ನಗಬೇಡಿ! ನಾವು ಜೈನರು, ನೀರು ಸೋಸಿ ಕುಡಿಯುವವರು, ನೆಲದೊಳಗೆ ಬೆಳೆಯುತ್ತದೆಂದು ಬಟಾಟೆಯನ್ನೂ ಮುಟ್ಟದವರು. ಅಂಥ ಮನೆಯಲ್ಲಿ ಹುಟ್ಟಿದವನು ತಂತಿಬಲೆಯ ಪಂಜರ ಹೊಕ್ಕು, ಗುದ್ದು, ಒದೆ, ಕುತ್ತಿಗೆ ಹಿಸುಕುವುದು ಎಲ್ಲವೂ ನಡೆಯುವ ಎಂಎಂಎ ಎಂಬ ಆಟದಲ್ಲಿ ಹನ್ನೊಂದು ವರ್ಷ ಕಳೆದ. ಊರವರು ಅದಕ್ಕೆ 'ಪಿಂಜರಾ ಕುಸ್ತಿ' ಎಂದು ಹೆಸರಿಟ್ಟು ಸುಮ್ಮನಾದರು.

ಕುಸ್ತಿ ನಮ್ಮ ಭಾಗಕ್ಕೆ ಹೊಸದಲ್ಲ. ಇವನೂ ತಾಲೀಮಿನ ಕೆಂಪು ಮಣ್ಣಿನಲ್ಲೇ ಹೊರಳಿದವನು. ಆಗ ಅಪ್ಪ ತಾವೇ ಬಾದಾಮಿ ಅರೆದು ಹಾಲಿಗೆ ಹಾಕಿ ಕುಡಿಸುತ್ತಿದ್ದರು. ನಿಪ್ಪಾಣಿಯಲ್ಲಿ ತಂಬಾಕಿನ ಹಳೇ ಗೋದಾಮೊಂದು ಜಿಮ್ ಆಗಿ, ಇವನು ಅಲ್ಲಿಗೆ ಸೇರಿದ ಮೇಲೆ ಬಾದಾಮಿ ನಿಂತಿತು. ಮೊದಲ ಪಂದ್ಯದ ವಿಡಿಯೋವನ್ನು ಯಾರೋ ಪುಣ್ಯಾತ್ಮರು ಅಪ್ಪನಿಗೆ ತೋರಿಸಿದರು. ಎದುರಾಳಿಯ ಮುಖವೆಲ್ಲ ರಕ್ತ. ಇವನು ಮೇಲೆ ಕೂತು ಗುದ್ದುತ್ತಲೇ ಇದ್ದ.

"ಕುಸ್ತ್ಯಾಗ ಮಣ್ಣ ಹತ್ತತೈತಿ, ತೊಳದ್ರ ಹೋಗತೈತಿ," ಎಂದರು ಅಪ್ಪ. "ರಕ್ತ ಬಂದ ಮ್ಯಾಲೂ ಹೊಡ್ಯಾಂವ ನನ್ನ ಮಗಾ ಅಲ್ಲ."

ಅಂದಿನಿಂದ ಮಾತು ಬಂದ್. ಇದೇ ಊರಲ್ಲಿ ಮದುವೆಯಾಗಿ ಉಳಿದ ತಪ್ಪಿಗೆ ಇಬ್ಬರ ನಡುವೆ ಟಪಾಲು ಸಾಗಿಸುವ ಕೆಲಸ ನನ್ನದಾಯಿತು. "ಯವ್ವಾ, ಅವಗ ಮೋಟರ್ ಚಾಲೂ ಮಾಡಂತ ಹೇಳ." ಅವನು ಎರಡು ಮೊಳ ದೂರದಲ್ಲೇ ಕೂತಿರುತ್ತಿದ್ದ!

ಆಮೇಲಿನ ಪಂದ್ಯಗಳಲ್ಲಿ ಎದುರಿನವನಿಗೆ ರಕ್ತ ಬಂದರೆ ಸಾಕು, ಇವನ ಕೈ ಸಡಿಲಾಗುತ್ತಿತ್ತು. ಗೆಲ್ಲಬೇಕಾದ ಎಷ್ಟೋ ಪಂದ್ಯ ಸೋತ. ಕಾರಣ ನನಗೊಬ್ಬಳಿಗೇ ಗೊತ್ತು. "ಅಪ್ಪಗ ಹೇಳಬ್ಯಾಡಕ್ಕಾ," ಎಂದು ಆಣೆ ಹಾಕಿಸಿದ್ದ. "ತಾವ ನೋಡಿ ತಿಳಕೊಂಡು ಮಾತಾಡಸ್ಲಿ." ಅಪ್ಪ ನೋಡಿದರೆ ತಾನೇ? ಆ ಒಂದು ವಿಡಿಯೋದ ಮೇಲೆ ಅವರು ಇನ್ನೊಂದನ್ನು ನೋಡಲೇ ಇಲ್ಲ.

ಪಂದ್ಯಕ್ಕೆ ಮುಂಚೆ ತೂಕ ಇಳಿಸಲು ದೊಡ್ಡ ದೊಡ್ಡ ಗಂಡಸರು ಅನ್ನ ನೀರು ಬಿಟ್ಟು ಒದ್ದಾಡುತ್ತಾರಂತೆ. ನಮ್ಮವನಿಗೆ ಅದೇನು ಮಹಾ? ಭಾದ್ರಪದದ ಹತ್ತು ದಿನ ಒಪ್ಪೊತ್ತು ಉಂಡು ಬೆಳೆದವನು.

"ಇಷ್ಟ ಉಪಾಸ ಯಾವ ಜಿಮ್ಮಿನ್ಯಾಗ ಕಲಿಸಿದ್ರಲೇ ನಿನಗ?" ಎಂದು ಕೋಚ್ ಕೇಳಿದರಂತೆ.

"ನಮ್ಮ ಅವ್ವ ಕಲಿಸ್ಯಾಳ್ರಿ."

ಆದರೆ ತೂಕ ಮಾಡಿಸಿದ ಮೇಲೆ ಉಳಿದವರೆಲ್ಲ ಗಡದ್ದಾಗಿ ತಿಂದು ಮೈ ತುಂಬಿಕೊಂಡರೆ, ಇವನು ಹೊತ್ತು ಮುಳುಗಿದ ಮೇಲೆ ಉಣ್ಣದ ನಮ್ಮ ನೇಮದಂತೆ ಸಂಜೆಗೇ ಬಾಯಿ ತೊಳೆದು ಕೂರುತ್ತಿದ್ದ. ಮರುದಿನ ಎದುರಾಳಿ ಐದು ಕಿಲೋ ಹೆಚ್ಚಿಸಿಕೊಂಡು ಬಂದರೆ, ಇವನು ಪುಣ್ಯ ಹೆಚ್ಚಿಸಿಕೊಂಡು ಬರುತ್ತಿದ್ದ. ಪುಣ್ಯಕ್ಕೆ ಪಾಯಿಂಟ್ ಕೊಡುವ ಜಡ್ಜುಗಳು ಎಲ್ಲಿದ್ದಾರೆ? ಒಮ್ಮೆ ಅಭ್ಯಾಸದ ನಡುವೆ ಮ್ಯಾಟಿನ ಮೇಲೆ ಇರುವೆ ಕಂಡು ಬಗ್ಗಿದನಂತೆ. ಅದನ್ನು ಕಾಗದದ ಮೇಲೆ ಹತ್ತಿಸುವಷ್ಟರಲ್ಲಿ ಜೊತೆಗಾರನ ಮೊಣಕಾಲು ಬಂದು ಮೂಗು ಮುರಿಯಿತು. ಇರುವೆ ಕ್ಷೇಮವಾಗಿ ಹೊರಗೆ ಹೋಯಿತು.

ಆ ಹತ್ತು ದಿನದ ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಣಿ. ವರ್ಷವಿಡೀ ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದಕ್ಕೆ ಬಸದಿಯಲ್ಲಿ ಒಬ್ಬರಿಗೊಬ್ಬರು ಕೈಮುಗಿದು "ಉತ್ತಮ ಕ್ಷಮಾ" ಎನ್ನುತ್ತೇವೆ. ಮರುದಿನದಿಂದ ಬದುವಿನ ಜಗಳ ಮುಂದುವರಿಸುತ್ತೇವೆ, ಅದು ಬೇರೆ ಮಾತು. ಅಂದು ನನ್ನ ತಮ್ಮ ಬಸದಿಯ ಕಟ್ಟೆಯ ಮೇಲೆ ಕೂತು, ಆ ವರ್ಷ ತಾನು ಗುದ್ದಿದವರಿಗೆಲ್ಲ ಫೋನು ಹಚ್ಚುತ್ತಿದ್ದ. "ಹಲ್ಲ ಹೆಂಗೈತಪಾ ಈಗ? ಕ್ಷಮಾ ಮಾಡು." ಹಲ್ಲೇ ಉದುರಿದವನು ಏನೆಂದು ಉತ್ತರ ಕೊಡಬೇಕು?

ಅಪ್ಪನದು ಇನ್ನೊಂದು ತಮಾಷೆ. ಕಾಲುವೆ ನೀರು ಕದಿಯುವ ಪಕ್ಕದ ಹೊಲದವನಿಗೂ ಬಗ್ಗಿ ಕೈಮುಗಿಯುವರು. ಮಗ ಎದುರಿಗೆ ಬಂದರೆ ಮುಖ ತಿರುಗಿಸಿ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಹುಡುಕಲು ಶುರು ಮಾಡುವರು. ವರ್ಷ ವರ್ಷವೂ ಇವನು ಕೈಮುಗಿದು ನಿಲ್ಲುವುದು, ವರ್ಷ ವರ್ಷವೂ ಅವರಿಗೆ ಚಪ್ಪಲಿ ಸಿಗದಿರುವುದು. ನೋಡಿ ನೋಡಿ ನನಗೆ ಸಾಕಾಗಿತ್ತು.

ಹೋದ ವರ್ಷ ಕ್ಷಮಾವಣಿಯಾದ ಮೇಲೆ ಪುಣೆಯಲ್ಲಿ ದೊಡ್ಡ ಪಂದ್ಯ. ಗೆದ್ದರೆ ಹೊರದೇಶದಲ್ಲಿ ಆಡುವ ಅವಕಾಶವಿತ್ತು. ಎದುರಾಳಿ ಕೆಳಗೆ ಬಿದ್ದಿದ್ದ, ಇನ್ನೆರಡು ಗುದ್ದು ಸಾಕಿತ್ತು. ಅಷ್ಟರಲ್ಲಿ ಅವನ ಹುಬ್ಬು ಒಡೆದು ರಕ್ತ ಇಳಿಯಿತು. ರೆಫರಿ ಪಂದ್ಯ ನಿಲ್ಲಿಸಿರಲಿಲ್ಲ. ನನ್ನ ತಮ್ಮ ತಾನಾಗಿಯೇ ಬಿಟ್ಟು ಎದ್ದ, ಎದ್ದವನು ಕೈಮುಗಿದ! ಮುಗಿದ ಕೈ ಮುಖ ಕಾಯುತ್ತದೆಯೇ? ಬಿದ್ದವನು ಎದ್ದು ಗುದ್ದಿದ. ತಮ್ಮನ ಎಡಗಣ್ಣು ಹೋಯಿತು.

ಗೆದ್ದಾಗ ಬಸ್ ಸ್ಟ್ಯಾಂಡಿನಲ್ಲಿ ಅವನ ಬ್ಯಾನರ್ ಕಟ್ಟಿದ್ದ ಊರು ಈಗ "ಹುಚ್ಚ" ಎಂದಿತು. ಅಪ್ಪ, "ಮಾಡಿದ ಪಾಪ ಅದು, ಉಣ್ಣಬೇಕಂತ ಹೇಳ ಅವಗ," ಎಂದು ನನ್ನ ಕೈಯಲ್ಲಿ ಹೇಳಿಕಳಿಸಲು ನೋಡಿದರು. ಆ ಟಪಾಲನ್ನು ನಾನು ಒಯ್ಯಲಿಲ್ಲ. ಆಣೆ ಮುರಿದೆ.

"ಪಾಪ ಯಾರದಪ್ಪಾ? ರಕ್ತ ಬಂದ ಮ್ಯಾಲೂ ಹೊಡ್ಯಾಂವ ಮಗಾ ಅಲ್ಲ ಅಂದಿದ್ರಿ. ಅದಕ್ಕ ಕೈ ಬಿಟ್ಟ. ನಿಮ್ಮ ಮಗಾ ಆಗಾಕ ಹೋಗಿ ಕಣ್ಣ ಕಳಕೊಂಡ."

ಅಪ್ಪ ಅವತ್ತು ಊಟಕ್ಕೆ ಏಳಲಿಲ್ಲ.

ಈ ವರ್ಷದ ಕ್ಷಮಾವಣಿಗೆ ತಮ್ಮ ಕಟ್ಟೆಯ ಮೇಲೆ ಫೋನು ಹಿಡಿದು ಕೂತಿದ್ದ. ಈ ಸಲ ಕರೆ ಮಾಡಲು ಒಬ್ಬನೇ ಇದ್ದ, ಕಣ್ಣು ತೆಗೆದವನು. ಅವತ್ತು ನಿನ್ನ ಹುಬ್ಬು ಒಡೆದೆ, ಕ್ಷಮಾ ಮಾಡು ಎಂದು ಇವನು ಅವನಿಗೆ ಮರಾಠಿಯಲ್ಲಿ ಹೇಳುತ್ತಿದ್ದ. ಆ ಕಡೆಯಿಂದ ಅಳು ನನಗೂ ಕೇಳಿಸಿತು.

ಆಗ ಅಪ್ಪ ಬಸದಿಯಿಂದ ಹೊರಗೆ ಬಂದರು. ಶುರುವಾಯಿತು ಚಪ್ಪಲಿ ಹುಡುಕಾಟ ಎಂದುಕೊಂಡೆ. ಅವರು ಚಪ್ಪಲಿ ದಾಟಿ ಬರಿಗಾಲಲ್ಲೇ ಬಂದು ಮಗನ ಎಡಗಡೆಗೆ ಕೈಮುಗಿದು ನಿಂತರು. ಇವನಿಗೆ ಕಾಣಲಿಲ್ಲ. ನಾನು ಹೇಳಲು ಬಾಯಿ ತೆರೆದೆ. ಅಪ್ಪ ಬೇಡವೆಂದು ತಲೆ ಆಡಿಸಿದರು. ಮುಗಿದ ಕೈ ಇಳಿಸದೆ ಕಟ್ಟೆ ಸುತ್ತಿ ನಡೆದು ಬಂದು, ಅವನಿಗೆ ಕಾಣುವ ಕಡೆ ನಿಂತರು.

"ಒಂದ ನಿಮಿಷ ತಡೀಪಾ," ಎಂದ ತಮ್ಮ ಫೋನಿಗೆ, ಮರಾಠಿ ಮರೆತು. "ನಮ್ಮಪ್ಪ ಬಂದಾರ."