ಆಸ್ಪತ್ರೆಗಳಿಗೆ ಬದಲಾವಣೆ ಕಲಿಸಲು ಹೋಗಿ

ಮಾನ ಹೋಗುವ ಪ್ರಸಂಗಗಳು ಕೆಲವರಿಗೆ ವರ್ಷಕ್ಕೊಮ್ಮೆ ಬರುತ್ತವಂತೆ. ನನಗೆ ಕರೆದ ಹಾಗೆ ಬರುತ್ತವೆ. ದಿಢೀರನೆ ಕಂಪ್ಯೂಟರ್ ಕೆಟ್ಟರೆ, ಹೊಸ ಪದ್ಧತಿ ಬಂದರೆ, ಒಮ್ಮೆಲೇ ಗಾಯಾಳುಗಳು ತುಂಬಿಕೊಂಡರೆ ಆಸ್ಪತ್ರೆಯವರು ಗಲಿಬಿಲಿಯಾಗದಂತೆ ತಯಾರು ಮಾಡುವುದು ನನ್ನ ಕೆಲಸ. ಅದಿನ್ನೂ ಕಾಯಂ ಆಗಿರಲಿಲ್ಲ. ಮೂರು ಊರುಗಳ ತರಬೇತಿ ಮುಗಿದ ಮೇಲೆ ಮೇಲಧಿಕಾರಿಗಳು ಬಂದು ನೋಡಿ ತೀರ್ಮಾನಿಸುವವರಿದ್ದರು.

ರಾಯಚೂರು: ಕರೆಂಟು

"ಏನೇ ಅನಿರೀಕ್ಷಿತ ಆದರೂ ಕೆಲಸ ನಿಲ್ಲಬಾರದು" ಎಂದು ನರ್ಸುಗಳಿಗೆ ಗಟ್ಟಿಯಾಗಿ ಹೇಳಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಪರದೆಯ ಮೇಲಿನ ಅಕ್ಷರಗಳೂ ಹೋದವು, ಅವುಗಳ ಜೊತೆ ನನ್ನ ಮಾತೂ ಹೋಯಿತು. ಬೆವರು ಒರೆಸಿಕೊಳ್ಳುತ್ತ ನಿಂತೇ ಇದ್ದೆ. ಹಿರಿಯ ನರ್ಸೊಬ್ಬರು ಮೆಲ್ಲಗೆ ಎದ್ದರು.

"ಸರ್, ನೀವು ಕೂಡ್ರಿ. ನಾವು ವಾರ್ಡ್ ನೋಡಿ ಬರ್ತೀವಿ. ಅಲ್ಲಿ ಕೆಲಸ ನಿಂತಿಲ್ಲ."

ಮಾನ್ವಿ: ಪಾಳಿ

ಇಲ್ಲಿ ಟೋಕನ್ ಯಂತ್ರ ಹೊಸದು. "ಇನ್ನು ಯಾರೂ ಪಾಳಿ ಹಚ್ಚಿ ಸಾಲಲ್ಲಿ ನಿಲ್ಲಬೇಕಿಲ್ಲ, ಚೀಟಿ ತಗೊಂಡು ನೆರಳಲ್ಲಿ ಕೂತರೆ ಸಾಕು" ಎಂದು ಸಾರಿ, ಚಪ್ಪಲಿ ಹೊರಗೆ ಬಿಟ್ಟು ಡಾಕ್ಟರ ಕೋಣೆಗೆ ಹೋದೆ. ಬಂದು ನೋಡಿದರೆ ಎಲ್ಲರೂ ನೆರಳಲ್ಲಿ ಕೂತಿದ್ದಾರೆ, ಹೆಸರು ಬರೆಸುವ ಕಿಟಕಿಯ ಮುಂದೆ ಚಪ್ಪಲಿಗಳು ಸಾಲಾಗಿ ನಿಂತಿವೆ. ನಡುವೆ ನನ್ನವೂ ಇದ್ದವು. ಎತ್ತಲು ಬಾಗಿದಾಗ ಕುರ್ಡಿ ಎಂಬ ಹಳ್ಳಿಯ ಮುದುಕಿಯೊಬ್ಬಳು ತಡೆದಳು.

"ಈಗ ತಗೀಬ್ಯಾಡ್ರಿ ಯಪ್ಪಾ. ನಾ ಬರಿಗಾಲಾಗ ಬಂದೀನಿ, ನಿಮ್ಮವು ನನ್ನ ಪಾಳಿಯಾಗ ನಿಂತಾವು."

"ಟೋಕನ್ ಕೊಟ್ಟಾರಲ್ಲಬೇ ಯವ್ವಾ?"

"ಅದು ಮಷೀನಿನ ಪಾಳಿ. ಇದು ಮಂದಿ ಪಾಳಿ."

ನನ್ನ ಜೊತೆ ಹೊರಗೆ ಬಂದಿದ್ದ ಡಾಕ್ಟರು ಬೇರೆ ಕಡೆ ಮುಖ ತಿರುಗಿಸಿ ನಕ್ಕರು. ಅವಳ ಸರದಿ ಬರುವವರೆಗೂ ನಾನು ಬರಿಗಾಲಲ್ಲೇ ಉಪದೇಶ ಮಾಡಿದೆ.

ದೇವದುರ್ಗ: ಸಾವು

ಟ್ರ್ಯಾಕ್ಟರ್ ಪಲ್ಟಿಯಾಗಿದೆ ಎಂಬ ಅಣಕು ಕಾರ್ಯಾಚರಣೆ. ಗಾಯಾಳುಗಳಿಗೆ ಕೆಂಪು ಪಟ್ಟಿ, ಸತ್ತವರಿಗೆ ಕರಿ ಪಟ್ಟಿ. ಆಂಬುಲೆನ್ಸ್ ಡ್ರೈವರನಿಗೆ ಕರಿ ಪಟ್ಟಿ ಕಟ್ಟಿ, "ನಾನು ಹೇಳುವ ತನಕ ಅಲುಗಾಡಬೇಡ" ಎಂದು ತಾಕೀತು ಮಾಡಿದೆ. ಯಾರೋ ಪುಣ್ಯಾತ್ಮರು ಫೋಟೋ ತೆಗೆದು ಅವನ ಊರಿಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಅವನ ತಾಯಿ, ಬಂಧುಬಳಗ ಸಮೇತ, ಎದೆ ಬಡಿದುಕೊಳ್ಳುತ್ತ ಬಂದು ಅವನ ಮೇಲೆ ಬಿದ್ದಳು. ಅವನು ಕಣ್ಣು ಮುಚ್ಚಿಕೊಂಡೇ ಹೇಳಿದ:

"ಅಳಬ್ಯಾಡಬೇ ಯವ್ವಾ, ಜೀವಂತ ಅದೀನಿ. ಸಾಹೇಬ್ರು ಇನ್ನಾ ಏಳಂದಿಲ್ಲ."

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಮನೆಯವರಿಗೆ ಒಂದು ಮಾತು ತಿಳಿಸಬೇಕೆಂದು ನನಗೆ ಹೊಳೆದಿರಲಿಲ್ಲವಲ್ಲ! ಆ ತಾಯಿಯ ಕಾಲು ಹಿಡಿದೆ. ಆಕೆ ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡಪ್ಪಾ. ಸತ್ತಾನಂತ ಸುಳ್ಳು ಸುದ್ದಿ ಹುಟ್ಟಿದ್ರ ಆಯುಷ್ಯ ಹೆಚ್ಚಾಗತದಂತ" ಎಂದಳು. ಅಷ್ಟು ಹೊತ್ತು ಅತ್ತವಳೇ ನನಗೆ ಸಮಾಧಾನ ಹೇಳಿದ್ದು ಇನ್ನೂ ಕುಟುಕುತ್ತದೆ.

ಮರುದಿನವೇ ಮೇಲಧಿಕಾರಿಗಳು ಬಂದರು. ಆಸ್ಪತ್ರೆಯ ಅಂಗಳದ ತುಂಬ ಜನ. ಬಹುತೇಕ ವಯಸ್ಸಾದವರು, ಯಾರಿಗೂ ಜ್ವರವಿಲ್ಲ, ಕೆಮ್ಮಿಲ್ಲ. ಅಧಿಕಾರಿಗಳಿಗೆ ಖುಷಿಯಾಗಿ, "ನಿಮ್ಮ ತರಬೇತಿ ಜನರನ್ನು ಮುಟ್ಟಿದೆ ಕಣ್ರೀ" ಎಂದು ನನ್ನ ಬೆನ್ನು ತಟ್ಟಿದರು. ಕೆಲಸ ಕಾಯಂ ಆಯಿತೆಂದೇ ತಿಳಿದೆ. ಅವರು ಮುಂದೆ ನಿಂತಿದ್ದ ಹೆಂಗಸನ್ನು ಕೇಳಿದರು: "ಏನಮ್ಮಾ, ಯಾಕೆ ಬಂದಿದ್ದೀರಿ?"

ಆಕೆ ಗಂಡನನ್ನು ಮುಂದೆ ನೂಕಿ ನನ್ನತ್ತ ಕೈ ತೋರಿಸಿದಳು.

"ನಮ್ಮ ಮನಿಯವರ್ನ ಒಮ್ಮಿ ಸಾಯಿಸಿಕೊಂಡು ಹೋಗೋಣಂತ ಬಂದೀನ್ರಿ. ಈ ಸಾಹೇಬ್ರು ಭಾಳ ಚಲೋ ಸಾಯಿಸ್ತಾರಂತ."